ಹಾಲು ಸಂಗ್ರಹದ ಆ್ಯಪ್, ಪೋಸ್ಟ್‌ಗ್ರೆಸ್ ಡೇಟಾಬೇಸ್: ಚೀಟಿಗೂ ಬಿಲ್‌ಗೂ ಲೆಕ್ಕ ತಾಳೆಯಾಗುತ್ತಿಲ್ಲ

ಹೊಸಕೆರೆ ಕೇಳಿದ್ದು:

ಹಳ್ಳಿಯ ಹಾಲು ಉತ್ಪಾದಕರ ಸಂಘಗಳಿಗೆ ಸಂಗ್ರಹ ಮತ್ತು ಬಿಲ್ ಮಾಡುವ ಆ್ಯಪ್. ಪೋಸ್ಟ್‌ಗ್ರೆಸ್ 16, ಅದರ ಮೇಲೆ ನೋಡ್ ಜೆಎಸ್ (ಸರ್ವರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್), ಸಂಘದ ಕೌಂಟರಿನಲ್ಲಿ ಆಂಡ್ರಾಯ್ಡ್ ಟ್ಯಾಬ್. 120 ಸಂಘಗಳು, ಸಂಘಕ್ಕೆ ಸರಾಸರಿ 200 ಸದಸ್ಯರು, ಬೆಳಿಗ್ಗೆ ಸಂಜೆ ಎರಡು ಹೊತ್ತು. 15 ದಿನಕ್ಕೊಂದು ಬಿಲ್. ಸರ್ವರಿನ ಗಡಿಯಾರ ಯುಟಿಸಿಯಲ್ಲಿದೆ (ವಿಶ್ವ ಪ್ರಮಾಣ ಸಮಯ).

‘ಸಂಗ್ರಹ’ ಟೇಬಲ್‌ನಲ್ಲಿ ಈಗಿರುವ ಕಾಲಂಗಳು: ಐಡಿ, ಸದಸ್ಯ ಐಡಿ, ಸಮಯ (ಟೈಮ್‌ಸ್ಟ್ಯಾಂಪ್ ವಿತ್ ಟೈಮ್ ಝೋನ್), ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ). ಅಂಕಿಗಳೆಲ್ಲ ಡಬಲ್ ಪ್ರಿಸಿಷನ್ (ದಶಾಂಶವನ್ನು ಬೈನರಿಯಲ್ಲಿ ಅಂದಾಜಾಗಿ ಹಿಡಿಯುವ ಟೈಪ್). ದರವನ್ನು ಉಳಿಸಿಲ್ಲ, ಬಿಲ್ ಮಾಡುವಾಗ ದರಪಟ್ಟಿ ನೋಡಿ ಗುಣಿಸುತ್ತೇವೆ.

ತೊಂದರೆಗಳು ಹೀಗಿವೆ. ಸದಸ್ಯರ ಕೈಲಿರುವ ಚೀಟಿಗಳನ್ನು ಕೂಡಿದರೆ ಬರುವ ಮೊತ್ತಕ್ಕೂ ಬಿಲ್‌ಗೂ ಪೈಸೆಗಳ ವ್ಯತ್ಯಾಸ. ಕೆಲವರ ಬೆಳಗಿನ ಹಾಲು ಹಿಂದಿನ ದಿನದ ಲೆಕ್ಕಕ್ಕೆ ಹೋಗುತ್ತದೆ, ಎಲ್ಲರದ್ದೂ ಅಲ್ಲ. ನೆಟ್ ಕೈಕೊಟ್ಟಾಗ ಒಂದೇ ಹಾಲು ಎರಡು ಸಲ ದಾಖಲಾಗುತ್ತದೆ. ಬಿಲ್ ದಿನ ಎಲ್ಲ ಸಂಘದವರೂ ಒಟ್ಟಿಗೆ ಗುಂಡಿ ಒತ್ತಿದರೆ ‘ಟೂ ಮೆನಿ ಕ್ಲೈಂಟ್ಸ್’ ಅಂತ ಬೀಳುತ್ತದೆ, ಬೀಳದಿದ್ದಾಗ ಒಂದು ಸಂಘದ ಬಿಲ್‌ಗೆ 40 ಸೆಕೆಂಡ್. ಕನ್ನಡ ಹೆಸರು ಹುಡುಕಿದರೆ ಕಣ್ಣೆದುರೇ ಇರುವ ಸದಸ್ಯ ಸಿಗುವುದಿಲ್ಲ. ದರಪಟ್ಟಿ ಬದಲಾದ ಮೇಲೆ ಹಳೆಯ ಬಿಲ್ ತೆಗೆದರೆ ಮೊತ್ತವೇ ಬೇರೆ.

ಟೇಬಲ್ ತಿಂಗಳುವಾರು ಪಾರ್ಟಿಷನ್ ಮಾಡಬೇಕೇ (ತುಂಡುಗಳಾಗಿ ಒಡೆಯಬೇಕೇ), ಮೊಂಗೊಡಿಬಿ ಎಂಬ ಬೇರೆ ಡೇಟಾಬೇಸ್‌ಗೆ ಹೋಗಬೇಕೇ ಎಂಬ ಮಾತೂ ನಡೆದಿದೆ. ಎಲ್ಲಿಂದ ಶುರು ಮಾಡಲಿ?

---

ಕೋಷ್ಟಕ ಉತ್ತರ:

ಡೇಟಾಬೇಸ್ ಬದಲಿಸಿದರೆ ಈ ಆರರಲ್ಲಿ ಒಂದೂ ಬಗೆಹರಿಯುವುದಿಲ್ಲ. ನಿಮ್ಮ ಗಾತ್ರವನ್ನೇ ನೋಡಿ: 120 × 200 × 2, ಅಂದರೆ ದಿನಕ್ಕೆ 48,000 ರೋ (ಒಂದೊಂದು ದಾಖಲೆಯ ಸಾಲು), ವರ್ಷಕ್ಕೆ ಸುಮಾರು 1.75 ಕೋಟಿ. ರೋಗೆ 120 ಬೈಟ್ ಹಿಡಿದರೂ ವರ್ಷಕ್ಕೆ ಎರಡು ಜಿಬಿ ಚಿಲ್ಲರೆ. ಪೋಸ್ಟ್‌ಗ್ರೆಸ್‌ಗೆ ಇದು ಭಾರವೇ ಅಲ್ಲ. ಪಾರ್ಟಿಷನ್ ಮಾಡಿದರೆ ಪ್ರೈಮರಿ ಕೀ ಮತ್ತು ಪ್ರತಿ ಯುನೀಕ್ ಕೀ (ಒಂದೇ ಮೌಲ್ಯ ಎರಡು ಸಲ ಬರದಂತೆ ತಡೆಯುವ ಕಾಲಂ) ಒಳಗೂ ಪಾರ್ಟಿಷನ್ ಕಾಲಂ ಸೇರಲೇಬೇಕು. ಎರಡೆರಡು ದಾಖಲೆ ತಡೆಯಲು ನಿಮಗೆ ಇಡೀ ಟೇಬಲ್‌ಗೆ ಒಂದೇ ಯುನೀಕ್ ಕೀ ಬೇಕು. ಸದ್ಯಕ್ಕೆ ಪಾರ್ಟಿಷನ್ ಕೈಬಿಡಿ.

ದುಡ್ಡಿನ ಲೆಕ್ಕ ಮೊದಲು. ಡಬಲ್ ಪ್ರಿಸಿಷನ್‌ನಲ್ಲಿ 0.1ಕ್ಕೆ 0.2 ಕೂಡಿದರೆ 0.30000000000000004. ಸೇರಿಸುವಾಗ ಇದು ಸಣ್ಣದು ಅನಿಸುತ್ತದೆ, ಕತ್ತರಿಸುವಾಗ ಕಾಡುತ್ತದೆ: 4.35 ಫ್ಯಾಟನ್ನು 100ರಿಂದ ಗುಣಿಸಿದರೆ 434.99999999999994, ಪೂರ್ಣಾಂಕಕ್ಕೆ ಇಳಿಸಿದರೆ 434. ದರಪಟ್ಟಿಯ ಗೆರೆಯಂಚಿನಲ್ಲಿರುವ ಹಾಲು ಒಂದು ಮೆಟ್ಟಿಲು ಕೆಳಗೆ ಬೀಳುತ್ತದೆ, ನಷ್ಟ ರೈತರಿಗೆ. ಆದ್ದರಿಂದ ತೂಕ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ ಎಲ್ಲವೂ ನ್ಯೂಮರಿಕ್ (ದಶಾಂಶವನ್ನು ಇದ್ದಂತೆಯೇ ಉಳಿಸುವ ಟೈಪ್) ಆಗಲಿ. ಫ್ಯಾಟ್‌ಗೆ ನ್ಯೂಮರಿಕ್ 4,2 (ಒಟ್ಟು 4 ಅಂಕಿ, ಅದರಲ್ಲಿ 2 ದಶಾಂಶ) ಸಾಕು, ಮೊತ್ತಕ್ಕೆ 10,2.

ಚೀಟಿಗೂ ಬಿಲ್‌ಗೂ ವ್ಯತ್ಯಾಸ ಬರುವುದಕ್ಕೆ ಡಬಲ್ ಒಂದೇ ಕಾರಣವಲ್ಲ. 7.35 ಲೀಟರ್, ಲೀಟರಿಗೆ 34.27 ರೂಪಾಯಿ ಅಂದರೆ 251.8845. ಚೀಟಿ 251.88 ಎಂದು ಮುದ್ರಿಸುತ್ತದೆ, ಬಿಲ್ 251.8845 ಅನ್ನೇ ಕೂಡುತ್ತಾ ಹೋಗಿ ಕೊನೆಗೆ ಒಮ್ಮೆ ಮಾತ್ರ ದುಂಡಾಗಿಸುತ್ತದೆ. ಚೀಟಿಗೆ ಅರ್ಧ ಪೈಸೆ, 30 ಚೀಟಿಗೆ ಹೆಚ್ಚೆಂದರೆ 15 ಪೈಸೆ, 200 ಸದಸ್ಯರ ಸಂಘಕ್ಕೆ 30 ರೂಪಾಯಿವರೆಗೂ ಹೋಗಬಹುದು. ನಿಯಮ ಒಂದೇ ಇರಲಿ: ದಾಖಲಾಗುವಾಗಲೇ ಎರಡು ದಶಾಂಶಕ್ಕೆ ದುಂಡಾಗಿಸಿ ‘ಮೊತ್ತ’ ಕಾಲಂನಲ್ಲಿ ಉಳಿಸಿ; ಬಿಲ್ ಎಂದರೆ ಆ ಕಾಲಂನ ಕೂಡಿಕೆ, ಬೇರೆ ಏನೂ ಇಲ್ಲ. ಮುದ್ರಿತ ಚೀಟಿ ರೈತರ ಕೈಯಲ್ಲಿರುವ ಸಾಕ್ಷಿ. ಲೆಕ್ಕ ಅದಕ್ಕೆ ಬದ್ಧವಾಗಿರಬೇಕು.

ನೋಡ್ ಕಡೆ ಒಂದು ಎಚ್ಚರಿಕೆ. ಪಿಜಿ ಡ್ರೈವರ್ (ನೋಡ್ ಅನ್ನು ಪೋಸ್ಟ್‌ಗ್ರೆಸ್‌ಗೆ ಜೋಡಿಸುವ ಲೈಬ್ರರಿ) ನ್ಯೂಮರಿಕ್ ಮೌಲ್ಯವನ್ನು ಸ್ಟ್ರಿಂಗ್ (ಪಠ್ಯ) ಆಗಿಯೇ ಕೊಡುತ್ತದೆ, ಬೇಕೆಂದೇ. ಅದಕ್ಕೆ ಪಾರ್ಸ್‌ಫ್ಲೋಟ್ ಹಚ್ಚಿ ಡಬಲ್ ಮಾಡಿದರೆ ಬಿಟ್ಟುಬಂದ ಜಾಗಕ್ಕೇ ವಾಪಸ್. ಗುಣಾಕಾರ, ಕೂಡಿಕೆ ಎರಡನ್ನೂ ಕ್ವೆರಿಯಲ್ಲೇ ಮಾಡಿಸಿ.

ಬೆಳಗಿನ ಹಾಲಿನ ವಿಷಯ. ಭಾರತದ ಸಮಯ ಯುಟಿಸಿಗಿಂತ ಐದೂವರೆ ತಾಸು ಮುಂದೆ. ಬೆಳಿಗ್ಗೆ 5:15ಕ್ಕೆ ಸುರಿದ ಹಾಲು ಯುಟಿಸಿಯಲ್ಲಿ ಹಿಂದಿನ ದಿನದ ರಾತ್ರಿ 11:45. 5:35ಕ್ಕೆ ಸುರಿದದ್ದು ಅದೇ ದಿನದ 00:05. ‘ಎಲ್ಲರದ್ದೂ ಅಲ್ಲ’ ಅಂದಿರಲ್ಲ, ಬೇಗ ಬಂದು ಸಾಲಿನಲ್ಲಿ ಮೊದಲು ನಿಲ್ಲುವವರದ್ದು ಮಾತ್ರ ಹಿಂದಕ್ಕೆ ಹೋಗುತ್ತಿದೆ. ಕ್ವೆರಿಯಲ್ಲಿ ‘ಅಟ್ ಟೈಮ್ ಝೋನ್’ ಬರೆದು ಏಷ್ಯಾ/ಕೋಲ್ಕತ್ತಾ ಕೊಟ್ಟರೆ ಸರಿಹೋಗುತ್ತದೆ, ಆದರೆ ಪ್ರತಿ ವರದಿಯಲ್ಲೂ ನೆನಪಿಟ್ಟು ಬರೆಯಬೇಕು, ಒಂದರಲ್ಲಿ ಮರೆತೇ ಮರೆಯುತ್ತೀರಿ. ಹಾಲಿನ ಲೆಕ್ಕದಲ್ಲಿ ದಿನಾಂಕ ಮತ್ತು ಹೊತ್ತು ಗಡಿಯಾರದಿಂದ ಹುಟ್ಟುವುದಿಲ್ಲ, ಸಂಘ ಅವನ್ನು ಘೋಷಿಸುತ್ತದೆ. ಕರೆಂಟ್ ಹೋಗಿ ಸಂಜೆ ಹಾಲನ್ನು ರಾತ್ರಿ ಹನ್ನೆರಡು ದಾಟಿ ದಾಖಲಿಸಿದರೂ ಅದು ಹಿಂದಿನ ಸಂಜೆಯದೇ. ಹಾಗಾಗಿ ‘ಸಂಗ್ರಹ ದಿನಾಂಕ’ ಡೇಟ್ ಕಾಲಂ, ‘ಹೊತ್ತು’ ಇನ್ನೊಂದು ಕಾಲಂ. ಇವುಗಳ ಜೊತೆಗೆ ಟ್ಯಾಬ್‌ನ ಸಮಯ ಮತ್ತು ಸರ್ವರ್ ಸಮಯ ಎರಡನ್ನೂ ಉಳಿಸಿ, ತನಿಖೆಗೆ ಬೇಕಾಗುತ್ತದೆ.

ಡೇಟ್ ಕಾಲಂ ಓದುವಾಗಲೂ ಎಡವುವ ಜಾಗ ಒಂದಿದೆ. ಪಿಜಿ ಡ್ರೈವರ್ ಅದನ್ನು ಜಾವಾಸ್ಕ್ರಿಪ್ಟ್ ಡೇಟ್ ಮಾಡುತ್ತದೆ, ಸ್ಥಳೀಯ ಸಮಯದ ಮಧ್ಯರಾತ್ರಿಗೆ. ಭಾರತದ ಸಮಯಕ್ಕಿಟ್ಟ ಯಂತ್ರದಲ್ಲಿ ಅದರ ಮೇಲೆ ಟು‌ಐಎಸ್‌ಒಸ್ಟ್ರಿಂಗ್ ಕರೆದರೆ ಹಿಂದಿನ ದಿನದ 18:30 ಸಿಗುತ್ತದೆ, ದಿನಾಂಕ ಮತ್ತೆ ಒಂದು ಹಿಂದೆ. ಡೇಟ್ ಟೈಪ್‌ಗೆ ಪಾರ್ಸರ್ ಬದಲಿಸಿ, ಸ್ಟ್ರಿಂಗ್ ಆಗಿಯೇ ಪಡೆಯಿರಿ.

ದರಪಟ್ಟಿ: ಫ್ಯಾಟ್ 3.0ರಿಂದ 6.0, ಎಸ್‌ಎನ್‌ಎಫ್ 7.5ರಿಂದ 9.5, 0.1ರ ಮೆಟ್ಟಿಲು ಅಂದರೆ ಒಂದು ಪಟ್ಟಿಗೆ 31 × 21 = 651 ರೋ. ಹಳೆಯ ಪಟ್ಟಿಯನ್ನು ತಿದ್ದಬೇಡಿ, ಹೊಸ ಪಟ್ಟಿ ಸೇರಿಸಿ, ಜಾರಿಯ ಅವಧಿಯನ್ನು ರೇಂಜ್ ಆಗಿ ಇಡಿ. ಎರಡು ಪಟ್ಟಿಗಳ ಅವಧಿ ಒಂದರ ಮೇಲೊಂದು ಬೀಳದಂತೆ ಜಿಸ್ಟ್ ಇಂಡೆಕ್ಸ್ ಮೇಲೆ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ ಹಾಕಿ. ಒಕ್ಕೂಟದ ಐಡಿಯನ್ನೂ ಸೇರಿಸಬೇಕಾದ್ದರಿಂದ ಬಿಟ್ರೀ ಜಿಸ್ಟ್ ಎಕ್ಸ್‌ಟೆನ್ಷನ್ ಬೇಕು. ಡೇಟ್‌ರೇಂಜ್ ಸಾಕೆನಿಸುತ್ತದೆ, ಆದರೆ ಹೊಸ ದರ ಸಂಜೆ ಹೊತ್ತಿನಿಂದ ಜಾರಿಗೆ ಬಂದರೆ ಅದು ಕೈಕೊಡುತ್ತದೆ. ದಿನದ ಕ್ರಮಸಂಖ್ಯೆಯನ್ನು 2ರಿಂದ ಗುಣಿಸಿ, ಸಂಜೆಗೆ 1 ಕೂಡಿಸಿ ಪೂರ್ಣಾಂಕದ ರೇಂಜ್ ಮಾಡಿಕೊಳ್ಳಿ. ದಾಖಲಾಗುವಾಗ ಪಟ್ಟಿಯ ಐಡಿ ಮತ್ತು ಅನ್ವಯಿಸಿದ ದರ ಎರಡೂ ಸಂಗ್ರಹದ ರೋನಲ್ಲೇ ಉಳಿಯಲಿ. ಆಗ ಹಳೆಯ ಬಿಲ್ ಯಾವಾಗ ತೆಗೆದರೂ ಅದೇ ಮೊತ್ತ.

ಇನ್ನೆರಡು ಸಣ್ಣ ಮಾತು. ಯಂತ್ರ 4.17 ತೋರಿಸಿದರೆ ಪಟ್ಟಿಯಲ್ಲಿ 4.1 ನೋಡಬೇಕೋ 4.2 ನೋಡಬೇಕೋ ಎಂಬುದನ್ನು ಒಕ್ಕೂಟದಿಂದ ಲಿಖಿತವಾಗಿ ಪಡೆದು ಒಂದೇ ಫಂಕ್ಷನ್‌ನಲ್ಲಿ ಬರೆಯಿರಿ. ತಕ್ಕಡಿ ಕೆಜಿ ಕೊಟ್ಟು ದರ ಲೀಟರಿಗಿದ್ದರೆ ಕೆಜಿಯನ್ನೂ ಉಳಿಸಿ. ಲೀಟರ್ ಹಾಲು ಸುಮಾರು 1.03 ಕೆಜಿ ತೂಗುತ್ತದೆ, ಆ ಭಾಜಕ ಕೋಡ್‌ನಲ್ಲಿ ಹೂತುಹೋಗದೆ ಟೇಬಲ್‌ನಲ್ಲಿರಲಿ.

---

ಬಯಲುಸೀಮೆ ಉತ್ತರ:

ಎರಡೆರಡು ದಾಖಲೆಗೆ ಸಂಘ, ಸದಸ್ಯ, ದಿನಾಂಕ, ಹೊತ್ತು ಸೇರಿಸಿ ಯುನೀಕ್ ಮಾಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಒಬ್ಬರೇ ಹಸುವಿನ ಹಾಲು ಎಮ್ಮೆಯ ಹಾಲು ಬೇರೆ ಬೇರೆ ತರುತ್ತಾರೆ, ಒಂದೇ ಹೊತ್ತಿನಲ್ಲಿ ಎರಡು ಕ್ಯಾನ್ ಎರಡು ಸಲ ತರುವುದೂ ಉಂಟು. ಟ್ಯಾಬ್‌ನಲ್ಲಿ ‘ಉಳಿಸು’ ಒತ್ತಿದ ಕ್ಷಣ ಒಂದು ಯುಯುಐಡಿ (ಬೇರೆ ಯಾವುದಕ್ಕೂ ಬರದ ಗುರುತು) ಹುಟ್ಟಲಿ, ಎಷ್ಟು ಸಲ ಮತ್ತೆ ಕಳಿಸಿದರೂ ಅದೇ ಐಡಿ ಬರಲಿ, ಅದರ ಮೇಲೆ ಯುನೀಕ್. ಇನ್ಸರ್ಟ್‌ಗೆ ‘ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್’ ಸೇರಿಸಿ.

ಇಲ್ಲಿ ಬಹಳ ಜನ ಎಡವುವುದು ರಿಟರ್ನಿಂಗ್‌ನಲ್ಲಿ (ಸೇರಿದ ರೋವನ್ನು ವಾಪಸ್ ಕೊಡು ಎನ್ನುವ ಭಾಗ). ಕಾನ್‌ಫ್ಲಿಕ್ಟ್ ಆದರೆ ರಿಟರ್ನಿಂಗ್ ಒಂದೂ ರೋ ಕೊಡುವುದಿಲ್ಲ. ಆ್ಯಪ್ ಅದನ್ನು ಸೋಲು ಎಂದು ತಿಳಿದು ಆಪರೇಟರ್‌ಗೆ ಕೆಂಪು ಪಟ್ಟಿ ತೋರಿಸುತ್ತದೆ, ಅವರು ಹೊಸದಾಗಿ ಟೈಪ್ ಮಾಡುತ್ತಾರೆ, ಹೊಸ ಯುಯುಐಡಿ, ಮತ್ತೆ ಎರಡು ದಾಖಲೆ. ಸೊನ್ನೆ ರೋ ಬಂದರೆ ಅದೇ ಯುಯುಐಡಿಯಿಂದ ಸೆಲೆಕ್ಟ್ ಮಾಡಿ ಮೊದಲ ಸಲ ಕೊಟ್ಟ ಉತ್ತರವನ್ನೇ ಕೊಡಿ.

ಚೀಟಿ ಸಂಖ್ಯೆಗೆ ಸೀಕ್ವೆನ್ಸ್ (ತಾನಾಗಿ ಏರುವ ಸಂಖ್ಯೆ) ಬಳಸಿದ್ದರೆ ಅದನ್ನೂ ನೋಡಿ. ರೋಲ್‌ಬ್ಯಾಕ್ ಆದರೂ, ಕಾನ್‌ಫ್ಲಿಕ್ಟ್ ಆದರೂ ಸೀಕ್ವೆನ್ಸ್ ಮುಂದೆ ಹೋಗಿರುತ್ತದೆ, ನಡುವೆ ಸಂಖ್ಯೆ ಬಿಟ್ಟುಹೋಗುತ್ತದೆ. ಲೆಕ್ಕಪರಿಶೋಧಕರು ಬಿಟ್ಟ ಸಂಖ್ಯೆಯ ಚೀಟಿ ಎಲ್ಲಿ ಎಂದು ಕೇಳುವುದು ನ್ಯಾಯವೇ. ಸಂಘಕ್ಕೊಂದು ರೋ ಇರುವ ‘ಕೊನೆಯ ಚೀಟಿ’ ಟೇಬಲ್ ಇಟ್ಟು, ಇನ್ಸರ್ಟ್ ನಡೆಯುವ ಟ್ರಾನ್ಸಾಕ್ಷನ್‌ನಲ್ಲೇ (ಪೂರ್ತಿ ಆಗುವ ಇಲ್ಲವೇ ಏನೂ ಆಗದ ಕೆಲಸಗಳ ಗುಂಪು) ಅಪ್‌ಡೇಟ್ ಮಾಡಿ ಸಂಖ್ಯೆ ಪಡೆಯಿರಿ. ಒಂದು ಸಂಘದೊಳಗೆ ಸಾಲು ನಿಲ್ಲುತ್ತದೆ, ಇನ್ನೊಂದು ಸಂಘಕ್ಕೆ ತಟ್ಟುವುದಿಲ್ಲ.

ನೀವು ಕೇಳದ, ಆದರೆ ಖಂಡಿತ ಇರುವ ತೊಂದರೆ: ಬಿಲ್ ಮುಚ್ಚುವ ಹೊತ್ತಿಗೆ ಬಂದ ದಾಖಲೆ. ಬಿಲ್ ಟ್ರಾನ್ಸಾಕ್ಷನ್ ಕೂಡಿಕೆ ಮುಗಿಸಿ ‘ಮುಚ್ಚಿದೆ’ ಎಂದು ಬರೆಯುವ ನಡುವೆ, ಆಫ್‌ಲೈನ್ ಇದ್ದ ಟ್ಯಾಬ್ ಒಂದು ದಾಖಲೆ ಕಳಿಸುತ್ತದೆ. ಅದು ಅವಧಿಯೊಳಗೆ ಸೇರಿತು, ಬಿಲ್‌ಗೆ ಸೇರಲಿಲ್ಲ. ಆ ರೈತರಿಗೆ ಅಷ್ಟು ದುಡ್ಡು ಹೋಯಿತು.

‘ಅವಧಿ’ ಟೇಬಲ್‌ಗೆ (ಬಿಲ್ ಅವಧಿಗೊಂದು ರೋ) ಫಾರಿನ್ ಕೀ, ಅಂದರೆ ಆ ರೋಗೆ ಕೊಂಡಿ, ಇದೆ, ಅದು ತಡೆಯುತ್ತದೆ ಅಂದುಕೊಳ್ಳಬೇಡಿ. ಫಾರಿನ್ ಕೀ ಪರೀಕ್ಷೆ ಅವಧಿಯ ರೋ ಮೇಲೆ ‘ಫಾರ್ ಕೀ ಶೇರ್’ ಲಾಕ್ ಮಾತ್ರ ಹಿಡಿಯುತ್ತದೆ. ಸ್ಥಿತಿ ಕಾಲಂ ಬದಲಿಸುವ ಮಾಮೂಲಿ ಅಪ್‌ಡೇಟ್ ‘ಫಾರ್ ನೋ ಕೀ ಅಪ್‌ಡೇಟ್’ ಹಿಡಿಯುತ್ತದೆ. ಇವೆರಡಕ್ಕೂ ಜಗಳವೇ ಇಲ್ಲ, ಎರಡೂ ಒಟ್ಟಿಗೆ ಮುಂದೆ ಹೋಗುತ್ತವೆ. ಸರಿಯಾದ ಕ್ರಮ ಹೀಗೆ:

ಸಂಗ್ರಹದ ಟ್ರಾನ್ಸಾಕ್ಷನ್ ಇನ್ಸರ್ಟ್‌ಗೆ ಮೊದಲು ಅವಧಿಯ ರೋವನ್ನು ‘ಸ್ಥಿತಿ = ತೆರೆದಿದೆ’ ಎಂಬ ವೇರ್ ಷರತ್ತಿನೊಂದಿಗೆ ಸೆಲೆಕ್ಟ್ ಫಾರ್ ಶೇರ್ ಮಾಡಬೇಕು. ಬಿಲ್ ಟ್ರಾನ್ಸಾಕ್ಷನ್ ಎಲ್ಲಕ್ಕಿಂತ ಮೊದಲು ಅದೇ ರೋವನ್ನು ಸೆಲೆಕ್ಟ್ ಫಾರ್ ಅಪ್‌ಡೇಟ್ ಮಾಡಿ, ಆಮೇಲೆ ಕೂಡಿ, ಸ್ಥಿತಿ ಬದಲಿಸಿ, ಕಮಿಟ್ ಆಗಬೇಕು. ಹಲವು ಟ್ಯಾಬ್‌ಗಳು ಶೇರ್ ಲಾಕ್ ಒಟ್ಟಿಗೆ ಹಿಡಿಯಬಹುದು, ಅಡ್ಡಿಯಿಲ್ಲ. ಬಿಲ್ ಮುಗಿಯುವವರೆಗೆ ಕಾದ ಟ್ಯಾಬ್‌ಗೆ, ರೀಡ್ ಕಮಿಟೆಡ್‌ನಲ್ಲಿ ಪೋಸ್ಟ್‌ಗ್ರೆಸ್ ವೇರ್ ಷರತ್ತನ್ನು ಬದಲಾದ ರೋ ಮೇಲೆ ಮತ್ತೆ ಪರೀಕ್ಷಿಸಿ ಸೊನ್ನೆ ರೋ ಕೊಡುತ್ತದೆ. ಆಗ ದಾಖಲೆಯನ್ನು ಮುಂದಿನ ಅವಧಿಗೆ ‘ತಡವಾಗಿ ಬಂದದ್ದು’ ಎಂಬ ಗುರುತಿನೊಂದಿಗೆ ಹಾಕಿ. ಸಂಗ್ರಹ ದಿನಾಂಕ ಹಳೆಯದೇ ಇರಲಿ, ಬಿಲ್ ಅವಧಿಯ ಐಡಿ ಮಾತ್ರ ಹೊಸದು.

ಈ ಪರೀಕ್ಷೆ ನೋಡ್ ಕೋಡ್‌ನಲ್ಲಿರದೆ ಬಿಫೋರ್ ಇನ್ಸರ್ಟ್ ಟ್ರಿಗರ್‌ನಲ್ಲಿರಲಿ (ದಾಖಲೆ ಸೇರುವ ಮೊದಲು ಡೇಟಾಬೇಸ್ ತಾನಾಗಿ ಓಡಿಸುವ ಕೋಡ್). ನಾಳೆ ಎಕ್ಸೆಲ್‌ನಿಂದ ತುಂಬುವ ಸ್ಕ್ರಿಪ್ಟ್ ಬರುತ್ತದೆ, ಇನ್ನೊಂದು ಆ್ಯಪ್ ಬರುತ್ತದೆ, ಎಲ್ಲರೂ ಇದೇ ಬಾಗಿಲಲ್ಲಿ ಬರಬೇಕು. ಮುಚ್ಚಿದ ಅವಧಿಯ ರೋಗೆ ಅಪ್‌ಡೇಟ್, ಡಿಲೀಟ್ ಎರಡನ್ನೂ ಟ್ರಿಗರ್ ತಳ್ಳಿಹಾಕಲಿ. ತಪ್ಪು ತಿದ್ದಬೇಕಾದರೆ ಋಣ ಮೊತ್ತದ ರೋ ಮತ್ತು ಸರಿಯಾದ ರೋ, ಎರಡು ಹೊಸ ದಾಖಲೆ.

---

ಅಡಿಕೆತೋಟ ಉತ್ತರ:

ವೇಗ ಮತ್ತು ಕನೆಕ್ಷನ್ ಬಗ್ಗೆ.

ಪೋಸ್ಟ್‌ಗ್ರೆಸ್‌ನಲ್ಲಿ ಮ್ಯಾಕ್ಸ್ ಕನೆಕ್ಷನ್ಸ್ ಡಿಫಾಲ್ಟ್ 100, ಅದರಲ್ಲಿ 3 ಸೂಪರ್‌ಯೂಸರ್‌ಗೆ ಮೀಸಲು, ಉಳಿದದ್ದು 97. ನೋಡ್‌ನ ಪಿಜಿ ಪೂಲ್ (ತೆರೆದಿಟ್ಟ ಕನೆಕ್ಷನ್‌ಗಳ ಗುಂಪು) ಡಿಫಾಲ್ಟ್ 10. ಕ್ಲಸ್ಟರ್‌ನಲ್ಲಿ 12 ಪ್ರೊಸೆಸ್ ಓಡುತ್ತಿದ್ದರೆ 120. ಮಾಮೂಲಿ ದಿನ ಪೂಲ್ ತುಂಬುವುದಿಲ್ಲ, ಬಿಲ್ ದಿನ ತುಂಬುತ್ತದೆ. 100 ಅನ್ನು 500 ಮಾಡುವುದು ಮದ್ದಲ್ಲ: ಪ್ರತಿ ಕನೆಕ್ಷನ್ ಒಂದು ಬೇರೆ ಪ್ರೊಸೆಸ್, ವರ್ಕ್ ಮೆಮ್ ಪ್ರತಿ ಸಾರ್ಟ್‌ಗೂ ಪ್ರತ್ಯೇಕ. ಪಿಜಿಬೌನ್ಸರ್ (ಕನೆಕ್ಷನ್‌ಗಳನ್ನು ಹಂಚಿಕೊಡುವ ಪ್ರೋಗ್ರಾಂ) ನಡುವೆ ಇಡಿ, ಟ್ರಾನ್ಸಾಕ್ಷನ್ ಮೋಡ್. ಅದರ ಮ್ಯಾಕ್ಸ್ ಕ್ಲೈಂಟ್ ಕನ್ ಡಿಫಾಲ್ಟ್ ಕೂಡ 100, ಅದನ್ನು ಏರಿಸಲು ಮರೆತರೆ ತಪ್ಪು ಅಲ್ಲಿಂದ ಬರತೊಡಗುತ್ತದೆ ಅಷ್ಟೆ. ಪಿಜಿಬೌನ್ಸರ್‌ನಿಂದ ಪೋಸ್ಟ್‌ಗ್ರೆಸ್‌ಗೆ ಹೋಗುವ ಪೂಲ್ 20 ಸಾಕು. ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಸೆಷನ್‌ಗೆ ಅಂಟಿದ ಸೆಟ್, ಲಿಸನ್, ಸೆಷನ್ ಅಡ್ವೈಸರಿ ಲಾಕ್ ನಂಬುವಂತಿಲ್ಲ. ಸೆಟ್ ಲೋಕಲ್ ಬಳಸಿ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬೇಕಿದ್ದರೆ ಪಿಜಿಬೌನ್ಸರ್ 1.21 ಅಥವಾ ಮೇಲಿನದು.

40 ಸೆಕೆಂಡ್‌ಗೆ ಎರಡು ಕಾರಣ ಇರಬಹುದು, ಎಕ್ಸ್‌ಪ್ಲೇನ್ ಅನಲೈಝ್ ಬಫರ್ಸ್ ಓಡಿಸಿದರೆ ಗೊತ್ತಾಗುತ್ತದೆ. ಒಂದು, ಸೀಕ್ವೆನ್ಷಿಯಲ್ ಸ್ಕ್ಯಾನ್ (ಇಡೀ ಟೇಬಲ್ ಓದುವುದು) ಕಂಡು ಅದರ ಕೆಳಗೆ ‘ರೋಸ್ ರಿಮೂವ್ಡ್ ಬೈ ಫಿಲ್ಟರ್’ ಕೋಟಿಯಲ್ಲಿದ್ದರೆ ಇಂಡೆಕ್ಸ್ ಇಲ್ಲ ಎಂದರ್ಥ. ಸದಸ್ಯ ಐಡಿಗೆ ಫಾರಿನ್ ಕೀ ಕೊಟ್ಟಿದ್ದೇವಲ್ಲ ಅನ್ನಬಹುದು. ಪೋಸ್ಟ್‌ಗ್ರೆಸ್ ಫಾರಿನ್ ಕೀ ಕಾಲಂಗೆ ತಾನಾಗಿ ಇಂಡೆಕ್ಸ್ ಕಟ್ಟುವುದಿಲ್ಲ. ಸಮಯ ಕಾಲಂಗೆ ಇಂಡೆಕ್ಸ್ ಇದ್ದರೂ ವೇರ್‌ನಲ್ಲಿ ಅದನ್ನು ಡೇಟ್‌ಗೆ ಕಾಸ್ಟ್ ಮಾಡಿ ಹೋಲಿಸಿದರೆ ಬಳಕೆಗೆ ಬರುವುದಿಲ್ಲ. ಕೋಷ್ಟಕ ಹೇಳಿದ ಸಂಗ್ರಹ ದಿನಾಂಕ ಬಂದ ಮೇಲೆ ಇಂಡೆಕ್ಸ್ ಹೀಗಿರಲಿ: ಸಂಘ ಐಡಿ, ಸಂಗ್ರಹ ದಿನಾಂಕ, ಸದಸ್ಯ ಸಂಖ್ಯೆ, ಇದೇ ಕ್ರಮದಲ್ಲಿ. ಸಮ ಚಿಹ್ನೆಯಿಂದ ಹೋಲಿಸುವ ಕಾಲಂ ಮೊದಲು, ವ್ಯಾಪ್ತಿಯಿಂದ ಹೋಲಿಸುವುದು ಆಮೇಲೆ. ಒಂದು ಸಂಘದ 15 ದಿನ ಅಂದರೆ ಸುಮಾರು 6,000 ರೋ. ಇಂಡೆಕ್ಸ್ ಹಿಡಿದು ಹೋದರೆ ಮಿಲಿಸೆಕೆಂಡ್‌ಗಳ ಕೆಲಸ.

ಎರಡನೆಯದು, ಕೋಡ್‌ನಲ್ಲಿ ಸದಸ್ಯರ ಮೇಲೆ ಲೂಪ್ ಹಾಕಿ ಒಬ್ಬೊಬ್ಬರಿಗೂ ಕ್ವೆರಿ ಕಳಿಸುತ್ತಿರಬಹುದು. 200 ಸದಸ್ಯರಿಗೆ ಸಂಗ್ರಹ, ಕಡಿತ, ಮುಂಗಡ ಎಂದು ಮೂರು ಕ್ವೆರಿ ಹಿಡಿದರೂ 600 ಸಲ ಹೋಗಿಬರುವುದು. ಇಡೀ ಸಂಘದ ಬಿಲ್ ಒಂದೇ ‘ಇನ್ಸರ್ಟ್ ಸೆಲೆಕ್ಟ್’, ಗ್ರೂಪ್ ಬೈ ಸದಸ್ಯ. ಕಡಿತ ಮತ್ತು ಮುಂಗಡಗಳನ್ನು ಸಂಗ್ರಹದ ಜೊತೆ ನೇರ ಜಾಯಿನ್ ಮಾಡಬೇಡಿ: 30 ಸಂಗ್ರಹ, 2 ಕಡಿತ ಇದ್ದರೆ 60 ರೋ ಆಗಿ ಮೊತ್ತ ಎರಡರಷ್ಟಾಗುತ್ತದೆ. ಪ್ರತಿಯೊಂದನ್ನೂ ಬೇರೆ ಸಬ್‌ಕ್ವೆರಿಯಲ್ಲಿ ಸದಸ್ಯವಾರು ಕೂಡಿ, ಆಮೇಲೆ ಲೆಫ್ಟ್ ಜಾಯಿನ್, ಇಲ್ಲದವರಿಗೆ ಕೋಅಲೆಸ್ ಸೊನ್ನೆ. ಕೋಅಲೆಸ್ ಬಿಟ್ಟರೆ ಕಡಿತವಿಲ್ಲದ ಸದಸ್ಯರ ಒಟ್ಟು ಮೊತ್ತವೇ ನಲ್ ಆಗುತ್ತದೆ. ಸರ್ಕಾರದ ಪ್ರೋತ್ಸಾಹಧನವನ್ನು ಈ ಬಿಲ್‌ಗೆ ಬೆರೆಸಬೇಡಿ, ಅದು ಬರುವ ದಾರಿಯೂ ದಿನವೂ ಬೇರೆ, ಟೇಬಲ್ಲೂ ಬೇರೆ ಇರಲಿ.

ಸದಸ್ಯ ಟೇಬಲ್‌ನ ಕೀ ಸಂಘ ಐಡಿ ಮತ್ತು ಸದಸ್ಯ ಸಂಖ್ಯೆ ಎರಡೂ ಸೇರಿ ಇರಲಿ, ಸಂಗ್ರಹದಿಂದ ಫಾರಿನ್ ಕೀ ಕೂಡ ಎರಡರ ಮೇಲೆ. ಒಂದು ಸಂಘದ ಟ್ಯಾಬ್ ಇನ್ನೊಂದು ಸಂಘದ 47ನೇ ಸದಸ್ಯರ ಖಾತೆಗೆ ಹಾಲು ಹಾಕುವುದು ಆಗ ಸಾಧ್ಯವೇ ಇರುವುದಿಲ್ಲ.

---

ಹೊಸಕೆರೆ:

ಮೂವರಿಗೂ ಧನ್ಯವಾದ. ಸಮಯದ ವಿಷಯ ಪರೀಕ್ಷಿಸಿದೆ: ಹಿಂದಿನ ದಿನಕ್ಕೆ ಹೋದ ದಾಖಲೆಗಳೆಲ್ಲ ಬೆಳಿಗ್ಗೆ 5:30ಕ್ಕಿಂತ ಮುಂಚಿನವು, ಒಂದೂ ಹೊರತಿಲ್ಲ. ಕ್ವೆರಿ ಪ್ಲ್ಯಾನ್‌ನಲ್ಲಿ ಸೀಕ್ವೆನ್ಷಿಯಲ್ ಸ್ಕ್ಯಾನ್ ಇದೆ, ಲೂಪ್ ಕೂಡ ಇದೆ.

ಉಳಿದದ್ದು ಎರಡು. ಬೆಳಿಗ್ಗೆ ಸಂಜೆ ಸಂಗ್ರಹ ನಿಲ್ಲಿಸುವಂತಿಲ್ಲ, ಓಡುತ್ತಿರುವ ಟೇಬಲ್‌ನಲ್ಲಿ ಕಾಲಂ ಬದಲಿಸುವುದು ಹೇಗೆ? ಕನ್ನಡ ಹೆಸರಿನ ಹುಡುಕಾಟ ಏಕೆ ತಪ್ಪುತ್ತದೆ? ಹಳೆಯ ಸದಸ್ಯರ ಪಟ್ಟಿ ನುಡಿ ಫಾಂಟ್‌ನ ಎಕ್ಸೆಲ್‌ನಿಂದ ಬಂದದ್ದು.

---

ಕೋಷ್ಟಕ ಉತ್ತರ:

ಕಾಲಂನ ಟೈಪ್ ನೇರ ಬದಲಿಸಬೇಡಿ. ಡಬಲ್‌ನಿಂದ ನ್ಯೂಮರಿಕ್‌ಗೆ ಆಲ್ಟರ್ ಮಾಡಿದರೆ ಇಡೀ ಟೇಬಲ್ ಹೊಸದಾಗಿ ಬರೆಯಲ್ಪಡುತ್ತದೆ, ಅಷ್ಟೂ ಹೊತ್ತು ಓದಲೂ ಬಿಡದ ಲಾಕ್.

ಹೊಸ ಕಾಲಂ ಸೇರಿಸಿ, ನಲ್ ಇರಲಿ. ಅದು ಕ್ಷಣದ ಕೆಲಸ. ಆದರೆ ಆ ಕ್ಷಣಕ್ಕೂ ಲಾಕ್ ಬೇಕು, ಮುಂದೆ ಒಂದು ಉದ್ದದ ವರದಿ ಓಡುತ್ತಿದ್ದರೆ ಆಲ್ಟರ್ ಅದರ ಹಿಂದೆ ಕಾಯುತ್ತದೆ, ಆಲ್ಟರ್‌ನ ಹಿಂದೆ ಎಲ್ಲ ಟ್ಯಾಬ್‌ಗಳೂ ಕಾಯುತ್ತವೆ. ಲಾಕ್ ಟೈಮ್‌ಔಟ್ 2 ಸೆಕೆಂಡ್ ಇಟ್ಟು, ಸೋತರೆ ಸ್ವಲ್ಪ ಬಿಟ್ಟು ಮತ್ತೆ ಪ್ರಯತ್ನಿಸಿ. ಆಮೇಲೆ ಹೊಸ ದಾಖಲೆಗಳು ಎರಡೂ ಕಾಲಂ ತುಂಬುವಂತೆ ಟ್ರಿಗರ್. ಹಳೆಯವನ್ನು ಐಡಿ ವ್ಯಾಪ್ತಿಯಿಂದ ಐದೈದು ಸಾವಿರವಾಗಿ ತುಂಬಿ, ಪ್ರತಿ ತಂಡಕ್ಕೂ ಕಮಿಟ್. ಒಂದೇ ಅಪ್‌ಡೇಟ್‌ನಲ್ಲಿ ಕೋಟಿ ರೋ ಮಾಡಿದರೆ ಅಷ್ಟೇ ಸತ್ತ ರೋ ಉಳಿದು ಟೇಬಲ್ ಹೆಚ್ಚುಕಡಿಮೆ ಎರಡರಷ್ಟು ಊದುತ್ತದೆ. ಸಣ್ಣ ತಂಡಗಳ ನಡುವೆ, ಸತ್ತ ರೋ ಗುಡಿಸುವ ಆಟೋವ್ಯಾಕ್ಯೂಮ್‌ಗೆ ಬಿಡುವು ಸಿಗುತ್ತದೆ. ಮಧ್ಯಾಹ್ನ 11ರಿಂದ 3ರ ನಡುವೆ ಕೌಂಟರ್ ಖಾಲಿ, ಆಗ ಓಡಿಸಿ.

ನಾಟ್ ನಲ್ ಹಾಕಲು ಮೊದಲು ‘ನಾಟ್ ವ್ಯಾಲಿಡ್’ ಜೊತೆ ಚೆಕ್ ಕನ್‌ಸ್ಟ್ರೇಂಟ್, ಆಮೇಲೆ ವ್ಯಾಲಿಡೇಟ್, ಆಮೇಲೆ ಸೆಟ್ ನಾಟ್ ನಲ್. ಈ ಕ್ರಮದಲ್ಲಿ ಹೋದರೆ ಕೊನೆಯ ಹೆಜ್ಜೆ ಟೇಬಲ್ ಓದುವುದಿಲ್ಲ. ಇಂಡೆಕ್ಸ್ ಅನ್ನು ಕನ್‌ಕರೆಂಟ್ಲಿ ಕಟ್ಟಿ. ಅದು ಟ್ರಾನ್ಸಾಕ್ಷನ್ ಬ್ಲಾಕ್‌ನೊಳಗೆ ಓಡುವುದಿಲ್ಲ, ನಡುವೆ ಸೋತರೆ ‘ಇನ್‌ವ್ಯಾಲಿಡ್’ ಎಂಬ ಗುರುತಿನ ಇಂಡೆಕ್ಸ್ ಉಳಿಯುತ್ತದೆ: ಓದಲು ಬಾರದು, ಬರೆಯುವಾಗ ಮಾತ್ರ ಭಾರ. ಡ್ರಾಪ್ ಮಾಡಿ ಮತ್ತೆ ಕಟ್ಟಿ.

ಹಳೆಯ ಮುಚ್ಚಿದ ಬಿಲ್‌ಗಳನ್ನು ಹೊಸ ಲೆಕ್ಕದಿಂದ ಮತ್ತೆ ಕಟ್ಟಬೇಡಿ. ಪಾವತಿಯಾದ ಮೊತ್ತವೇ ಸತ್ಯ, ಅದನ್ನೇ ನಕಲು ಮಾಡಿ.

---

ಬಯಲುಸೀಮೆ ಉತ್ತರ:

ಕನ್ನಡ ಹೆಸರಿಗೆ ಮೂರು ಜಾಗ ನೋಡಿ.

ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಯೂನಿಕೋಡ್‌ಗೆ ಪರಿವರ್ತಿಸದೆ ತುಂಬಿದ ರೋಗಳನ್ನು ಹುಡುಕಲು, ಹೆಸರಿನಲ್ಲಿ ಕನ್ನಡ ಬ್ಲಾಕಿನ ಹೊರಗಿನ ಅಕ್ಷರ ಇರುವವನ್ನು ರೆಗೆಕ್ಸ್‌ನಿಂದ (ಅಕ್ಷರ ಹುಡುಕುವ ಸೂತ್ರ) ತೆಗೆಯಿರಿ. ಖಾಲಿ ಜಾಗ, ಚುಕ್ಕಿ, ಜಾಯಿನರ್‌ಗಳಿಗೆ ಮಾತ್ರ ವಿನಾಯಿತಿ.

ಎರಡನೆಯದು ಒಂದೇ ಅಕ್ಷರದ ಎರಡು ರೂಪ. ‘ಕೊ’ದಲ್ಲಿರುವ ಒತ್ವ ಒಂದೇ ಕೋಡ್ ಪಾಯಿಂಟ್ ಆಗಿ ಬರಬಹುದು, ಇಲ್ಲವೇ ಎತ್ವ ಮತ್ತು ಕೊಂಬಿನ ದೀರ್ಘ ಎರಡು ಸೇರಿ ಬರಬಹುದು. ‘ಕೀ’, ‘ಕೇ’, ‘ಕೈ’, ‘ಕೋ’ಗಳಿಗೂ ಹೀಗೇ. ಪರದೆಯ ಮೇಲೆ ಕೂದಲೆಳೆ ವ್ಯತ್ಯಾಸ ಕಾಣದು, ಸಮ ಚಿಹ್ನೆಗೆ ಮಾತ್ರ ಅವು ಬೇರೆ. ಪೋಸ್ಟ್‌ಗ್ರೆಸ್ 13ರಿಂದ ನಾರ್ಮಲೈಝ್ ಫಂಕ್ಷನ್ ಇದೆ, ಎನ್‌ಎಫ್‌ಸಿ (ಕೂಡಿಸಿದ ಒಂದೇ ಕೋಡ್ ಪಾಯಿಂಟ್‌ನ) ರೂಪಕ್ಕೆ ತಂದೇ ಉಳಿಸಿ, ‘ಈಸ್ ಎನ್‌ಎಫ್‌ಸಿ ನಾರ್ಮಲೈಝ್ಡ್’ ಎಂದು ಚೆಕ್ ಕನ್‌ಸ್ಟ್ರೇಂಟ್ ಹಾಕಿ. ಹುಡುಕಲು ಟೈಪ್ ಮಾಡಿದ ಪದವನ್ನೂ ಅದೇ ರೂಪಕ್ಕೆ ತನ್ನಿ.

ಮೂರನೆಯದು ಕಾಣದ ಜಾಯಿನರ್ (ಅಕ್ಷರಗಳನ್ನು ಕೂಡಿಸುವ ಇಲ್ಲವೇ ಬಿಡಿಸುವ ಗುರುತು). ‘ರಾಜ್‌ಕುಮಾರ್’ ಬರೆಯುವಾಗ ಜ್ ಮತ್ತು ಕು ನಡುವೆ ಒಬ್ಬರು ನಾನ್‌ಜಾಯಿನರ್ ಹಾಕುತ್ತಾರೆ, ಇನ್ನೊಬ್ಬರು ‘ರಾಜ್ಕುಮಾರ್’ ಎಂದೇ ಬಿಡುತ್ತಾರೆ. ಎನ್‌ಎಫ್‌ಸಿ ಇದನ್ನು ಮುಟ್ಟುವುದಿಲ್ಲ. ಜಾಯಿನರ್, ನಾನ್‌ಜಾಯಿನರ್ ಎರಡನ್ನೂ ಕಿತ್ತು ನಾರ್ಮಲೈಝ್ ಮಾಡಿದ ‘ಹುಡುಕು ಹೆಸರು’ ಎಂಬ ಜನರೇಟೆಡ್ ಕಾಲಂ ಇಡಿ. ಮುದ್ರಣಕ್ಕೆ ಮೂಲ ಹೆಸರೇ ಹೋಗಲಿ, ಕಿತ್ತರೆ ಒತ್ತಕ್ಷರ ಬದಲಾಗಿ ಹೆಸರೇ ಬೇರೆ ಕಾಣುತ್ತದೆ.

ಅಕಾರಾದಿ ಜೋಡಣೆಗೆ ಆರ್ಡರ್ ಬೈನಲ್ಲಿ ಐಸಿಯು ಎಂಬ ಯೂನಿಕೋಡ್ ಲೈಬ್ರರಿಯ ಕನ್ನಡ ಕೊಲೇಷನ್ (ಜೋಡಣೆಯ ನಿಯಮ) ಕೊಡಿ. ಸಿ ಕೊಲೇಷನ್ ಬರೀ ಕೋಡ್ ಪಾಯಿಂಟ್ ಕ್ರಮ. ಹೆಸರಿಗೆ ವಾರ್‌ಚಾರ್ 20 ಕೊಟ್ಟಿದ್ದರೆ ಟೆಕ್ಸ್ಟ್ ಮಾಡಿ: ‘ಲಕ್ಷ್ಮೀ’ ನಮಗೆ ಎರಡು ಅಕ್ಷರ, ಡೇಟಾಬೇಸ್‌ಗೆ ಏಳು, ಡಿಸ್ಕ್‌ನಲ್ಲಿ 21 ಬೈಟ್. ‘ಲಕ್ಷ್ಮೀನರಸಿಂಹಮೂರ್ತಿ’ ಎಂಬ ಹೆಸರಿಗೇ 20ರಲ್ಲಿ 19 ಮುಗಿದುಹೋಗುತ್ತದೆ, ಇನಿಷಿಯಲ್ ಹಾಕಲು ಜಾಗ ಇರುವುದಿಲ್ಲ.